ಮಲಕವ್ವನ ತಲೆಯ ಅಳತೆ

ಶಿವಗಂಗಾ ಹಟಮಾರಿ ಎಂಬುದು ನಾಸಿಕ್‌ನ ಸಾತಪುರದ ಅವಳ ತಗಡಿನ ಮನೆಯಿಂದ ಹಿಡಿದು ಛತ್ರಪತಿ ಸಂಭಾಜಿನಗರದ ಅವಳ ಕಾಲೇಜಿನವರೆಗೆ ಎಲ್ಲರಿಗೂ ಗೊತ್ತಿದ್ದ ಮಾತು. ಅದರಲ್ಲಿ ಸುಳ್ಳೇನೂ ಇಲ್ಲ. ಕಲಬುರಗಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದು ಇಲ್ಲೇ ಉಳಿದ ಧರ್ಮಣ್ಣ-ಮಲಕವ್ವ ದಂಪತಿಯ ಮಗಳು ಜಾಹೀರಾತು ವಿನ್ಯಾಸದಲ್ಲಿ ಎಂ.ಎ. ಓದಬೇಕೆಂದರೆ ಹಟವಿಲ್ಲದೆ ಆಗುತ್ತದೆಯೇ? ಅಪ್ಪ ಬಿ.ಎಡ್. ಮಾಡು ಎಂದಿದ್ದ. ಊರಿನ ಬೀಗರು ಪೋಸ್ಟರ್ ಬರೆಯುವುದಕ್ಕೂ ಕಾಲೇಜು ಬೇಕೇನು ಎಂದು ನಕ್ಕಿದ್ದರು. ಇವಳು ಯಾರ ಮಾತನ್ನೂ ಕಿವಿಗೆ ಹಾಕಿಕೊಳ್ಳದೆ ಎಸ್‌ಟಿ ಬಸ್ ಹತ್ತಿದ್ದಳು.

ಕೊನೆಯ ವರ್ಷದ ಅಸೈನ್‌ಮೆಂಟ್ ಬಂದಾಗ ತರಗತಿಯ ಹದಿನಾಲ್ಕು ಜನರಿಗೂ ನಿದ್ದೆ ಹಾರಿಹೋಯಿತು. ಹೆಲ್ಮೆಟ್ ಮಾಡುವ ಒಂದು ಕಂಪನಿಗೆ, ಕಟ್ಟಡದಲ್ಲಿ ದುಡಿಯುವ ಹೆಂಗಸರಿಗಾಗಿ ಪೋಸ್ಟರ್ ಮಾಡಿಕೊಡಬೇಕು. ಒಂದು ಚಿತ್ರ, ಒಂದು ಸಾಲು. ಗೆದ್ದದ್ದನ್ನು ಕಂಪನಿ ಅಚ್ಚು ಹಾಕಿಸಿ ಎಲ್ಲ ಸೈಟುಗಳಲ್ಲಿ ಹಚ್ಚುತ್ತದೆ. ಮಾಡಿದವರಿಗೆ ಪುಣೆಯ ಜಾಹೀರಾತು ಕಚೇರಿಯಲ್ಲಿ ನೇರ ನೌಕರಿ. ಶಿವಗಂಗಾಗೆ ಆ ನೌಕರಿ ಬೇಕೇ ಬೇಕಿತ್ತು. ನಕ್ಕ ಬೀಗರ ಮುಂದೆ ಅಪ್ಪ, ಅವ್ವ ತಲೆ ಎತ್ತಿ ಓಡಾಡಬೇಕೆಂಬ ಆಸೆ ಅವಳಿಗೆ. ಹೆಂಗಸರು, ಕಟ್ಟಡ, ಹೆಲ್ಮೆಟ್ಟು! ಇದು ನನ್ನ ಮನೆಯದೇ ವಿಷಯ, ಇದರಲ್ಲಿ ನನ್ನನ್ನು ಯಾರು ಮೀರಿಸುತ್ತಾರೆ ಎಂದು ಒಳಗೊಳಗೇ ಬೀಗಿದಳು.

ಒಂದು ವಾರ ನೋಟ್‌ಬುಕ್ ತುಂಬ ಗೀಚಿದಳು. ಹಳದಿ ಕಪ್ಪು ಪಟ್ಟೆ ಬಳಿದಳು, ಅಳಿಸಿದಳು. ಒಂದು ಸಾಲು ಬರೆದಳು, ಅದು ಇನ್ಶೂರೆನ್ಸ್ ಕಂಪನಿಯ ಮಾತಿನಂತೆ ಕೇಳಿಸಿತು, ಹೊಡೆದುಹಾಕಿದಳು. ಹಾಸ್ಟೆಲಿನ ಕೋಣೆಯಲ್ಲಿ ಜೊತೆಗಿದ್ದ ಗಂಗಾಪುರದ ಪ್ರಾಚಿ, "ಕಾಗದದ ಮೇಲಾದರೂ ಕರುಣೆ ಇರಲಿ ಮಾರಾಯ್ತಿ" ಎಂದು ಮರಾಠಿಯಲ್ಲಿ ಬೇಡಿಕೊಂಡಳು. ಕೊನೆಗೆ ಒಂದು ಚಿತ್ರ ಗಟ್ಟಿಯಾಯಿತು. ನಗುತ್ತಿರುವ ಹೆಂಗಸು, ತಲೆಗೆ ಹೊಳೆಯುವ ಹಳದಿ ಹೆಲ್ಮೆಟ್, ಅದರ ಮೇಲೆ ಘಮೇಲಾ, ಅಂದರೆ ಕಲಸಿದ ಮಾಲು ಹೊರುವ ಕಬ್ಬಿಣದ ಬುಟ್ಟಿ. ಹಿಂದೆ ಬಂಗಾರದ ಬಿಸಿಲು. ಕೆಳಗೆ ಮರಾಠಿಯಲ್ಲಿ 'ತಾಯಿಯ ತಲೆಯ ಕಿರೀಟ' ಎಂಬರ್ಥದ ಸಾಲು. ಕಲಿಸುವ ಸ್ವರೂಪ್ ಸರ್ ನೋಡಿ, "ಇದರಲ್ಲಿ ಭಾವನೆ ಇದೆ, ಗೆಲ್ಲುತ್ತದೆ" ಎಂದರು.

ಶನಿವಾರ ಅದನ್ನು ಮೊಬೈಲಿನಲ್ಲಿ ಹಾಕಿಕೊಂಡು ನಾಸಿಕ್‌ಗೆ ಹೋದಳು. ಬಾಗಿಲಲ್ಲಿ ಕೂತು ಮೆಂತ್ಯ ಸೋಸುತ್ತಿದ್ದ ಮಲಕವ್ವ ಚಿತ್ರ ನೋಡಿದಳು, ಇನ್ನೊಮ್ಮೆ ನೋಡಿದಳು, ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡು ನಗತೊಡಗಿದಳು. ಕಣ್ಣಲ್ಲಿ ನೀರು ಬರುವಷ್ಟು ನಗು.

"ಯಾಕ ನಗ್ತಿ ಅವ್ವಾ? ಕಾಯ್ ಝಾಲಂ, ಏನಾತು?"

"ಟೊಪಗಿ ಮ್ಯಾಲ ಘಮೇಲಾ ಇಟ್ಟೀಯಲ್ಲವ್ವ! ಯಾವಾಕಿ ಹೊರ್ತಾಳ ಹಂಗ? ಟೊಪಗಿ ಗುಂಡಗ ಅದ, ನುಣ್ಣಗ ಅದ. ಎರಡು ಹೆಜ್ಜಿ ಇಡೂದ್ರಾಗ ಜಾರಿ ಮಾಲೆಲ್ಲಾ ಮೈಮ್ಯಾಲ ಬೀಳ್ತದ."

"ಮತ್ತ ಸೈಟಿನ್ಯಾಗ ಎಲ್ಲಾರಿಗೂ ಹೆಲ್ಮೆಟ್ ಕೊಟ್ಟಾರಲ್ಲ?"

"ಕೊಟ್ಟಾರ. ಸೈಟಿನ ಸೇಫ್ಟಿ ಸಾಬ ಫೋಟೋ ಹೊಡಿಲಿಕ್ಕ ಬಂದಾಗ ಹಾಕ್ಕೊಂಡು ಬರಿಗೈಲೆ ಸಾಲಾಗಿ ನಿಂದರ್ತೀವಿ. ಆತ ಹ್ವಾದ ಮ್ಯಾಲ ಟೊಪಗಿ ಮೂಲಿಗಿಟ್ಟು, ಸಿಂಬಿ ಸುತ್ತಿಕೊಂಡು ಕೆಲಸ ಮಾಡ್ತೀವಿ. ಹೋದ ವರ್ಷ ನಮ್ ಕೂಡ ದುಡಿಯೋ ಜಗದೇವಿ ತಲಿ ಮ್ಯಾಲ ಇಟ್ಟಂಗಿ ಬಿತ್ತು, ಏಳು ಹೊಲಿಗಿ ಹಾಕಿದ್ರು. ಸೈಟಿನವ್ರು ಕಾಗದದಾಗ ಏನ್ ಬರದ್ರು ಗೊತ್ತದ ಏನು? ಟೊಪಗಿ ಕೊಟ್ರೂ ಹಾಕ್ಕೊಂಡಿಲ್ಲ, ತಪ್ಪು ಆಕೀದೇ ಅಂತ." ಮಲಕವ್ವನ ನಗು ಅಲ್ಲಿಗೆ ನಿಂತಿತು. "ಈ ಟೊಪಗಿ ಮಾಡಿದಾವ ನಮ್ಮ ತಲಿ ಅಳತಿ ತಗೊಂಡಾನೇನು?"

ಶಿವಗಂಗಾಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಹುಟ್ಟಿದಾಗಿನಿಂದ ಅವ್ವ ಹಳೆಯ ಸೀರೆಯ ತುಂಡನ್ನು ಹುರಿ ಮಾಡಿ, ಸುತ್ತಿ, ತಲೆಯ ಮೇಲೆ ಸಿಂಬಿ ಇಟ್ಟು ಬುಟ್ಟಿ ಹೊರುವುದನ್ನು ನೋಡಿದವಳು. ಚಿತ್ರ ಬರೆಯುವಾಗ ಮಾತ್ರ ಅಸೈನ್‌ಮೆಂಟಿನ ಜೊತೆ ಕಂಪನಿ ಕೊಟ್ಟಿದ್ದ ಪುಸ್ತಕದಲ್ಲಿದ್ದ ನಗುವ ಹೆಂಗಸನ್ನೇ ನಂಬಿದ್ದಳು. ಎರಡು ವರ್ಷದಲ್ಲಿ ಕಣ್ಣು ಇಷ್ಟು ಬಾಡಿಗೆಗೆ ಹೋಯಿತೇ ಎಂದು ತನ್ನ ಮೇಲೇ ಸಿಟ್ಟು ಬಂತು. ಆ ಸಿಟ್ಟು ತನ್ನನ್ನು ದಾಟಿ, ಜಗದೇವಿಯ ಕಾಗದ ಬರೆದವರ ತನಕ ಹೋಯಿತು.

"ಅವ್ವಾ, ನಿನ್ನ ಸಿಂಬಿ ಕೊಡು."

"ಆ ಹೊಲಸು ಯಾಕವ್ವ ನಿನಗ?"

"ಬೇಕು. ದೇ ನಾ."

ಕೆನ್ನೀಲಿ ಸೀರೆಯ ಆ ತುಂಡು ಬೆವರಿಗೆ, ಸಿಮೆಂಟಿಗೆ ಬಿರುಸಾಗಿ ತನ್ನಷ್ಟಕ್ಕೆ ತಾನೇ ದುಂಡಗೆ ಕೂರುತ್ತಿತ್ತು. ಸೋಮವಾರ ಕಾಲೇಜಿನ ಸ್ಕ್ಯಾನರ್ ಮೇಲೆ ಅದನ್ನೇ ಇಟ್ಟಳು. ಗಾಜಿನ ಮೇಲೆಲ್ಲ ಸಿಮೆಂಟಿನ ಪುಡಿ ಉದುರಿತು. ಲ್ಯಾಬ್ ನೋಡಿಕೊಳ್ಳುವವನು ಬಾಯಿಗೆ ಬಂದಂತೆ ಬೈದ. ಬೈಸಿಕೊಂಡೇ ನಾಲ್ಕು ಸಲ ಸ್ಕ್ಯಾನ್ ಮಾಡಿದಳು. ಬಿಳಿ ಹಾಳೆಯ ನಡುವೆ ಸಿಂಬಿ ಒಂದೇ, ಊಟದ ತಟ್ಟೆಯಷ್ಟು ದೊಡ್ಡದಾಗಿ, ಪ್ರತಿ ಎಳೆಯೂ ಕಾಣುವಂತೆ. ಸಾಲಿಗೆ ಅವಳು ಒದ್ದಾಡಲೇ ಇಲ್ಲ, ಅವ್ವ ಆಗಲೇ ಹೇಳಿದ್ದಳು. ಮರಾಠಿಯಲ್ಲಿ 'ಹ್ಯಾ ಡೋಕ್ಯಾಚಂ ಮಾಪ ಕೋಣೀ ಘೇತಲಂ?' ಎಂದು ಬರೆದು, ಅದರ ಕೆಳಗೆ ಅಷ್ಟೇ ದಪ್ಪ ಅಕ್ಷರದಲ್ಲಿ ಕನ್ನಡದಲ್ಲೂ ಬರೆದಳು: 'ಈ ತಲಿ ಅಳತಿ ಯಾರು ತಗೊಂಡಾರ?'

ಸ್ವರೂಪ್ ಸರ್ ತಲೆ ಹಿಡಿದುಕೊಂಡರು. "ಕಿರೀಟ ಬಿಟ್ಟು ಇದನ್ನು ತಂದೆಯಾ? ಸಾಮಾನು ಮಾರುವವನನ್ನೇ ಪ್ರಶ್ನೆ ಕೇಳುವ ಜಾಹೀರಾತು ಎಲ್ಲಾದರೂ ಉಂಟೇ?"

"ಇಲ್ಲ ಅಂತಲೇ ಮಾಡಿದೆ ಸರ್."

ಕೆಟ್ಟ ಮನುಷ್ಯರಲ್ಲ ಅವರು. ನೌಕರಿ ಕೈತಪ್ಪುತ್ತದೆ ಹುಡುಗಿ ಎಂದು ಮೂರು ಸಲ ಹೇಳಿದರು. ಮೂರು ಸಲವೂ ಇವಳು ಹೂಂ ಎಂದಳು, ಒಂದಕ್ಷರವನ್ನೂ ಬದಲಿಸಲಿಲ್ಲ.

ತೀರ್ಪಿನ ದಿನ ಕಂಪನಿಯ ಸಾಹೇಬರು ಬಂದು ಕೂತರು. ಶಿವಗಂಗಾ ತನ್ನ ಸರದಿಗೆ ಪೋಸ್ಟರಿನ ಜೊತೆ ಒಂದು ಘಮೇಲಾ ತುಂಬ ಮರಳನ್ನೂ ಒಳಗೆ ತಂದಳು. ಕಂಪನಿಯ ಹೆಲ್ಮೆಟ್ಟನ್ನೇ ಹಾಕಿಕೊಂಡು, ಪ್ರಾಚಿಯ ಕೈಯಿಂದ ಘಮೇಲಾವನ್ನು ಅದರ ಮೇಲೆ ಇಡಿಸಿಕೊಂಡಳು. ಎರಡನೆಯ ಹೆಜ್ಜೆಗೇ ಜಾರಿತು. ಮರಳು ಸಾಹೇಬರ ಬೂಟಿನ ತನಕ ಹರಡಿತು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಅವಳು ಅವಸರ ಮಾಡದೆ ಮರಳನ್ನು ಬಳಿದು ತುಂಬಿ, ಸಿಂಬಿ ಇಟ್ಟುಕೊಂಡು, ಘಮೇಲಾ ಹೊತ್ತು, ಎರಡೂ ಕೈ ಬಿಟ್ಟು ಮೇಜಿನ ಸುತ್ತ ಒಂದು ಸುತ್ತು ಬಂದಳು. ಕತ್ತು ನಡುಗುತ್ತಿತ್ತು, ಬುಟ್ಟಿ ಅಲುಗಲಿಲ್ಲ.

ಸಾಹೇಬರು ಬಹಳ ಹೊತ್ತು ಪೋಸ್ಟರ್ ನೋಡಿದರು. "ಚಿತ್ರ ಬಹಳ ಚೆನ್ನಾಗಿದೆ. ಪ್ರಶ್ನೆ ತೆಗೆದು ಬೇರೆ ಒಳ್ಳೆಯ ಮಾತು ಹಾಕು. ನೌಕರಿ ನಿನ್ನದೇ."

ಕೋಣೆಯಲ್ಲಿ ಎಲ್ಲರೂ ಅವಳ ಕಡೆ ತಿರುಗಿದರು. ಸ್ವರೂಪ್ ಸರ್ ಕಣ್ಣಿನಲ್ಲೇ ಒಪ್ಪಿಕೋ ಎಂದರು. ಶಿವಗಂಗಾಗೆ ಪುಣೆಯ ಕಚೇರಿ ಕಂಡಿತು, ಬೀಗರ ಮುಖ ಕಂಡಿತು. ಆಸೆಯಾಗಲಿಲ್ಲ ಎಂದರೆ ಸುಳ್ಳಾಗುತ್ತದೆ.

"ಆ ಸಾಲು ತೆಗೆದರೆ ಉಳಿಯುವುದು ಹಳೇ ಬಟ್ಟೆ ಸರ್. ನಾನು ತೆಗೆಯುವುದಿಲ್ಲ."

ನೌಕರಿ ಪ್ರಾಚಿಗೆ ಹೋಯಿತು. ಅವಳ ಪೋಸ್ಟರಿನಲ್ಲೂ ಹೆಲ್ಮೆಟ್ ಹಾಕಿದ ಹೆಂಗಸು ನಗುತ್ತಿದ್ದಳು; ತಲೆಯ ಮೇಲೆ ಹೊರೆ ಮಾತ್ರ ಇರಲಿಲ್ಲ.

ನಾಲ್ಕು ಪ್ರತಿ ಸುತ್ತಿಕೊಂಡು ಶಿವಗಂಗಾ ನಾಸಿಕ್‌ನ ಬಸ್ಸು ಹತ್ತಿದಳು. ಕಾಲೇಜಿನಲ್ಲಿ ಇಲ್ಲದ ಅಂಜಿಕೆ ಗಂಗಾಪುರ ದಾಟಿದ ಮೇಲೆ ಶುರುವಾಯಿತು. ಅವ್ವನಿಗೆ ಏನೆಂದು ಹೇಳುವುದು? ಮನೆಗೆ ಬಂದು ಒಂದನ್ನೂ ಮುಚ್ಚಿಡದೆ ಹೇಳಿದಳು. ಧರ್ಮಣ್ಣ ಎದ್ದು ಹೊರಗೆ ಹೋಗಿ ನಿಂತ. ಮಲಕವ್ವ ಪೋಸ್ಟರನ್ನು ನೆಲದ ಮೇಲೆ ಬಿಚ್ಚಿ, ಅಂಗೈಯಿಂದ ಸವರಿದಳು.

"ಏನ್ ಬರದೀ, ಓದು." ಅವಳಿಗೆ ಅಕ್ಷರ ಬರುತ್ತಿರಲಿಲ್ಲ.

ಶಿವಗಂಗಾ ಕನ್ನಡದ ಸಾಲನ್ನು ಓದಿದಳು.

"ಇದು ನಾ ಅಂದ ಮಾತು."

"ಹೌದವ್ವಾ."

"ಇದನ್ನ ತಗಿ ಅಂದ್ರೇನು ಅವ್ರು?" ಮಲಕವ್ವ ಎದ್ದು ಒಲೆಯ ಮೇಲೆ ನೀರಿಟ್ಟು ಮೈದಾ ಹಿಟ್ಟಿನ ಡಬ್ಬಿ ಕೆಳಗಿಳಿಸಿದಳು. "ಅಂಟು ನಾ ಕಾಸ್ತೀನಿ. ನೀ ನಾಳಿಗಿ ನನ್ ಕೂಡ ಸೈಟಿಗಿ ಬಾ."

ಮರುದಿನ ಬೆಳಿಗ್ಗೆ ಸೈಟಿನ ತಗಡಿನ ಬೇಲಿಯ ಮೇಲೆ ನಾಲ್ಕೂ ಪೋಸ್ಟರ್ ಕೂತವು. ಹನ್ನೊಂದರ ಸುಮಾರಿಗೆ ಸೈಟಿನ ಸೇಫ್ಟಿ ಸಾಹೇಬ ಫೋಟೋ ಹೊಡೆಯಲು ಬಂದ. ಹೆಂಗಸರು ರೂಢಿಯಂತೆ ಹೆಲ್ಮೆಟ್ ಹಾಕಿಕೊಂಡು ಬೇಲಿಯ ಮುಂದೆ ಸಾಲಾಗಿ ನಿಂತರು. ಸಾಹೇಬ ಪೋಸ್ಟರ್ ಓದಿ ಹುಬ್ಬು ಗಂಟಿಕ್ಕಿದ. ಮೊಬೈಲ್ ಎತ್ತಿದ. ಆಗ ಮಲಕವ್ವ ಸಾಲಿನಿಂದ ಒಂದು ಹೆಜ್ಜೆ ಮುಂದೆ ಬಂದಳು. ಹೆಲ್ಮೆಟ್ ತೆಗೆದು ಅವನ ಕಾಲ ಬಳಿ ಇಟ್ಟಳು. ಮಗಳು ಮರಳಿ ತಂದಿದ್ದ ಸಿಂಬಿಯನ್ನು ಸೊಂಟದಿಂದ ಬಿಚ್ಚಿ ತಲೆಗಿಟ್ಟು, ಮಾಲು ತುಂಬಿದ ಘಮೇಲಾ ಹೊತ್ತು, ಮೊಬೈಲಿಗೆ ಎದುರಾಗಿ ನೆಟ್ಟಗೆ ನಿಂತಳು.

"ಅಬ್ ನಿಕಾಲೋ ಫೋಟೋ, ಸಾಬ್."

ಸಾಹೇಬನ ಕೈ ಅರ್ಧಕ್ಕೇ ನಿಂತಿತು. ಸಾಲಿನಲ್ಲಿ ಎರಡನೆಯವಳಾಗಿದ್ದ ಜಗದೇವಿ ತನ್ನ ಹೆಲ್ಮೆಟ್ ತೆಗೆದಳು. ಏಳು ಹೊಲಿಗೆಯ ಗೆರೆ ಬಿಸಿಲಿಗೆ ಬಿಳಿಯಾಗಿ ಕಂಡಿತು. ಅವಳು ಅದನ್ನು ಸೆರಗಿನಿಂದ ಮುಚ್ಚಿಕೊಳ್ಳಲಿಲ್ಲ, ತನ್ನ ಸಿಂಬಿಯನ್ನು ಸುತ್ತತೊಡಗಿದಳು.