ಮಡಿ ಅಡುಗೆಮನೆಯಲ್ಲೊಂದು ಟಚ್‌ಸ್ಕ್ರೀನ್

ಕಳೆದ ಮಂಗಳವಾರ ಬೆಳಿಗ್ಗೆ ನಮ್ಮ ಮನೆಯಲ್ಲಿ ಒಂದು ಸೌತೆಕಾಯಿ ಮೊಬೈಲಿನಲ್ಲಿ ಮೆಸೇಜ್ ಟೈಪ್ ಮಾಡಿತು.

ನಗಬೇಡಿ. ಡೈರಿಯಲ್ಲಿ ತಾರೀಖು ಹಾಕಿ ಬರೆದಿಟ್ಟಿದ್ದೇನೆ.

ಕಾಶಿಯ ಚಳಿಗಾಲದ ಮಂಜು. ವಿಶ್ವನಾಥ ಗಲ್ಲಿಯ ಹಿಂದಿನ ನಮ್ಮ ಮನೆಯ ಅಂಗಳ ಹಾಲಿನ ಪಾತ್ರೆಯೊಳಗೆ ಮುಳುಗಿದ ಹಾಗಿತ್ತು. ಘಾಟಿನ ಗಂಟೆ ಎಲ್ಲಿಂದಲೋ ಬಂದು ಎಲ್ಲಿಗೋ ಹೋಗುತ್ತಿತ್ತು. ಇಂಥ ದಿನ ಬೆರಳ ತುದಿಗಳಿಗೂ ನಿದ್ದೆ. (ನೂರು ಅಕ್ಷರ ಟೈಪ್ ಮಾಡಿದರೆ ನನ್ನ ಹೆಬ್ಬೆರಳು ಒಂಬತ್ತು ಸಲ ಪಕ್ಕದ ಕೀ ಮೇಲೆ ಬೀಳುತ್ತದೆ. ಮಂಜಿನ ದಿನ ಹದಿನಾಲ್ಕು. ಹೌದು, ಎಣಿಸಿದ್ದೇನೆ.) ಎಳ್ಳುಕಾಳಿನಷ್ಟು ಸಣ್ಣ ಕೀಗಳನ್ನು ಯಾವ ಇರುವೆಯ ಕಾಲಿನ ಅಳತೆ ತೆಗೆದುಕೊಂಡು ಮಾಡಿದರೋ?

ಸುಶೀಲತ್ತೆ ಅಡುಗೆಮನೆಯಲ್ಲಿದ್ದರು. ಕರ್ನಾಟಕದಿಂದ ಶ್ರಾದ್ಧಕ್ಕೆ ಬರುವವರಿಗೆ ಅಪ್ಪ ಪೌರೋಹಿತ್ಯ ಮಾಡುತ್ತಾರೆ, ಅಪ್ಪನ ಅಕ್ಕ ಸುಶೀಲತ್ತೆ ಮಡಿಯಲ್ಲಿ ಅಡುಗೆ ಮಾಡುತ್ತಾರೆ. ಅಡುಗೆ ಮುಗಿಯುವವರೆಗೆ ಹೊರಗಿನದ್ದೇನನ್ನೂ ಮುಟ್ಟುವಂತಿಲ್ಲ. ಮುಟ್ಟಿದರೆ ಮತ್ತೆ ತಣ್ಣೀರು ಸ್ನಾನ. ಹಾಗಾಗಿ ಅತ್ತೆಯ ಫೋನು ಹೊಸ್ತಿಲಾಚೆ, ನನ್ನ ಕೈಯಲ್ಲಿ.

ಅದು ಟಿಂಗ್ ಎಂದಿತು. ವಾಣಿ! ಅತ್ತೆಯ ಮಗಳು. ತಾನೇ ಆರಿಸಿಕೊಂಡ ಹುಡುಗನನ್ನು ಮದುವೆಯಾಗಿ ಗಂಗೆಯಾಚೆಯ ರಾಮನಗರಕ್ಕೆ ಹೋದವಳು. ಮೂರು ವರ್ಷದಿಂದ ತಾಯಿ ಮಗಳ ನಡುವೆ ಮಾತಿಲ್ಲ.

ಹೊಸ್ತಿಲಾಚೆಯಿಂದಲೇ ಫೋನು ಎತ್ತಿ ತೋರಿಸಿದೆ. "ಅಮ್ಮಾ, ಗೋದೌಲಿಯಾ ಚೌಕದಲ್ಲಿ ನಿಂತಿದ್ದೀನಿ. ಮನೆಗೆ ಬರಲಾ?"

ಅತ್ತೆ ಎರಡು ಸಲ ಓದಿದರು. ಬೇಳೆ ಉಕ್ಕಿತು.

"ಕಾಲ್ ಮಾಡ್ಲಾ ಅತ್ತೆ?"

"ಬೇಡ. ನನ್ನ ಗಂಟಲು ನನ್ನ ಮಾತು ಕೇಳಲ್ಲ."

"ನಾನೇ ಬರೀಲಾ?"

"ನೀನು ಬರೆದ್ರೆ ಗೊತ್ತಾಗ್ಬಿಡುತ್ತೆ. ಸರ್ಕಾರಿ ನೋಟಿಸ್ ಥರ ಇರುತ್ತೆ ನಿಂದು. ನಾನೇ ಬರೀಬೇಕು."

ಮುಟ್ಟದೆ ಬರೆಯುವುದು ಹೇಗೆ? ಅತ್ತೆ ದರ್ಭೆಯ ತುದಿ ಚಾಚಿದರು. ಗಾಜು ತಿರುಗಿಯೂ ನೋಡಲಿಲ್ಲ. ಮರದ ಸೌಟಿನ ಹಿಡಿ? ಅದಕ್ಕೂ ಬೆಲೆಯಿಲ್ಲ.

"ಅರೇ, ಸತ್ತೋಗಿದೆಯೇನೇ ಇದು?"

"ಅದಕ್ಕೆ ಜೀವ ಇರೋ ಬೆರಳು ಬೇಕು ಅತ್ತೆ. ಇಲ್ಲಾ ನೀರಿರೋ ಹಸಿ ತರಕಾರಿ."

ಅತ್ತೆ ಸೌತೆಕಾಯಿ ಎತ್ತಿಕೊಂಡರು. ಮಡಿಗೆ ಭಂಗವಲ್ಲವೇ ಎಂದೆ. "ಕಾಯಿಗೆ ಎಂಥ ಮೈಲಿಗೆ? ಹಿಡಿ ಫೋನು ನೆಟ್ಟಗೆ!" (ಈ ಶಾಸ್ತ್ರ ಹುಟ್ಟಿದ್ದು ಆ ನಿಮಿಷದಲ್ಲೇ.)

ಸೌತೆಕಾಯಿ ಟೈಪ್ ಮಾಡಿತು. ಒಂದು ಅಕ್ಷರಕ್ಕೆ ನೆರೆಹೊರೆಯ ಮೂರನ್ನೂ ಸೇರಿಸಿ. ಅಳಿಸಿದರು. ಮತ್ತೆ ಒತ್ತಿದರೆ ಕೀಬೋರ್ಡೇ ಹಿಂದಿಗೆ ಹಾರಿತು. ಮತ್ತೊಮ್ಮೆ ಒತ್ತಿದರೆ ನಗುವ ಮುಖವೊಂದು ಬಂತು. ಅದನ್ನೂ ಅಳಿಸಿದರು.

ನನಗೆ ಮನಸ್ಸಿನಲ್ಲೇ ಆಚೆ ಬದಿ ಕಾಣುತ್ತಿತ್ತು. ಮಂಜಿನಲ್ಲಿ ಕರಗಿದ ಚೌಕ, ಬರೀ ಬೆಲ್ಲುಗಳಾಗಿ ಉಳಿದ ರಿಕ್ಷಾಗಳು, ನಡುವೆ ಬೆಳಗುವ ಸಣ್ಣ ಗಾಜು ಹಿಡಿದ ವಾಣಿ. ಅದರಲ್ಲಿ "ಟೈಪಿಂಗ್" ಎಂಬ ಪದ ಮೂಡುತ್ತದೆ, ಮಾಯವಾಗುತ್ತದೆ, ದೂರದ ದೋಣಿಯ ದೀಪದಂತೆ ಮತ್ತೆ ಮೂಡುತ್ತದೆ. ಅಮ್ಮ ಏನೋ ಹೇಳಹೊರಟು ಬೇಡವೆಂದುಕೊಂಡಳು ಎಂದೇ ಅಲ್ಲವೇ ಅದರ ಅರ್ಥ?

ಮತ್ತೆ ಟಿಂಗ್. "ಪರವಾಗಿಲ್ಲಮ್ಮಾ. ವಾಪಸ್ ಹೋಗ್ತೀನಿ. ಆಟೋ ಸಿಕ್ತು."

ಅತ್ತೆ ಸೌತೆಕಾಯಿ ಬಿಸಾಡಿದರು. ಹೊಸ್ತಿಲು ದಾಟಿದರು. ನನ್ನ ಕೈಯಿಂದ ಫೋನು ಕಸಿದುಕೊಂಡರು. ಒದ್ದೆ ಬೆರಳನ್ನು ಗಾಜು ಮೊದಲು ಒಪ್ಪಲಿಲ್ಲ. ಸೆರಗಿಗೆ ಒರೆಸಿ ಮತ್ತೆ ಒತ್ತಿದರು.

"ಬಾ."

ಕಳಿಸಿ, ಫೋನು ನನ್ನ ಕೈಗಿಟ್ಟು, ನೇರ ಬಚ್ಚಲಿಗೆ. ಅಂಗಳದಲ್ಲಿ ಕಾಯುತ್ತಿದ್ದ ಯಾತ್ರಿಕರೊಬ್ಬರು, "ಊಟ ತಡವಾ ಅಮ್ಮಾ?" ಎಂದರು. "ಇವತ್ತು ತಡವೇ!" ತಂಬಿಗೆ ನೀರಿನ ಸದ್ದಿನೊಳಗಿಂದ ಉತ್ತರ.

ಸ್ನಾನ ಮುಗಿಸಿ ಬರುತ್ತಿದ್ದ ಅತ್ತೆಯನ್ನು ಬಾಗಿಲಲ್ಲೇ ವಾಣಿ ತಬ್ಬಿಕೊಂಡಳು. (ಅಲ್ಲಿಗೆ ಮೂರನೇ ಸ್ನಾನ.)

"ಎಷ್ಟೊತ್ತು ಟೈಪ್ ಮಾಡ್ತಿದ್ದೆ! ದೊಡ್ಡ ಬೈಗುಳದ ಪುರಾಣವೇ ಬರುತ್ತೆ ಅಂದ್ಕೊಂಡಿದ್ದೆ. ಕೊನೆಗೆ ಒಂದೇ ಅಕ್ಷರ?"

"ನಾನೇನ್ ಮಾಡ್ಲಿ?" ಅತ್ತೆ ಮುಖ ತಿರುಗಿಸಿದರು. "ಕೀಬೋರ್ಡೇ ಸರಿಯಿಲ್ಲ."

ಮೂರು ವರ್ಷ ತಡವಾದದ್ದಕ್ಕೂ ಕೀಬೋರ್ಡೇ ಕಾರಣವೇ ಎಂದು ನಾನು ಕೇಳಬೇಕಿತ್ತೇ?