ಡಾಕ್ಟರರ ಉಪ್ಪುನೀರಿನ ಬದನೆ

ದುಬೈನ ಊದ್ ಮೇಥಾದ ತರಕಾರಿ ಅಂಗಡಿಯಲ್ಲಿ ಇವತ್ತು ಬದನೆಕಾಯಿ ಆರಿಸುವಾಗ ತೊಟ್ಟಿನ ಮುಳ್ಳು ಹೆಬ್ಬೆರಳಿಗೆ ಚುಚ್ಚಿತು. ಕೂಡಲೇ ನೆನಪಾದವರು ನಮ್ಮ ಡಾಕ್ಟರು. ಔಷಧ ಕೊಡುವ ಡಾಕ್ಟರಲ್ಲ, ಗಿಡಗಳ ಡಾಕ್ಟರು. ಗಿಡ ಹೇಗೆ ಉಸಿರಾಡುತ್ತದೆ, ಹೇಗೆ ನೀರು ಕುಡಿಯುತ್ತದೆ, ಬಿಸಿಲಿಗೆ ಹೇಗೆ ಬೆವರುತ್ತದೆ ಎಂಬುದನ್ನು ಧಾರವಾಡದಲ್ಲಿ ಓದಿ, ಅಬುಧಾಬಿ ಕಡೆಯ ಒಂದು ಸಂಶೋಧನಾ ತೋಟದಲ್ಲಿ ತಲೆ ಬೆಳ್ಳಗೆ ಮಾಡಿಕೊಂಡವರು.

ಇಂಟರ್‌ನ್ಯಾಷನಲ್ ಸಿಟಿಯ ನಮ್ಮ ಕಟ್ಟಡದಲ್ಲಿ ಈ ವ್ಯತ್ಯಾಸವನ್ನು ಯಾರೂ ಲೆಕ್ಕಕ್ಕೆ ಇಡುತ್ತಿರಲಿಲ್ಲ. ಮಂಡಿನೋವು, ತಲೆಸುತ್ತು ಅಂತ ಬಂದವರಿಗೆಲ್ಲ ಅವರದು ಒಂದೇ ಮಾತು: "ನಿಮಗ ನೀರ ಸಾಲವಲ್ದು ನೋಡ್ರಿ." ಆಶ್ಚರ್ಯವೆಂದರೆ ಎಷ್ಟೋ ಜನಕ್ಕೆ ವಾಸಿಯಾಗುತ್ತಿತ್ತು. ಅವರೊಡನೆ ತರಕಾರಿಗೆ ಹೋಗುವುದು ಮಾತ್ರ ಒಂದು ಶಿಕ್ಷೆ. ಒಂದು ಕಾಯಿ ಹಿಡಿದರೆ ಅದರ ಕುಲಗೋತ್ರವನ್ನೆಲ್ಲ ಅಂಗಡಿಯವನಿಂದ ಕೇಳಿ ತಿಳಿಯಬೇಕು. ಹಿಂದೆ ನಿಂತವರ ಗೊಣಗಾಟ ನನ್ನ ಕಿವಿಗೆ ಬೀಳುತ್ತಿತ್ತೇ ಹೊರತು ಅವರ ಕಿವಿಗಲ್ಲ.

ಅವರ ಬಾಲ್ಕನಿಯನ್ನು ನೀವು ನೋಡಬೇಕಿತ್ತು. ಬಟ್ಟೆ ಒಣಹಾಕಲು ಜಾಗವಿಲ್ಲ, ಊರಿನ ಮುಳ್ಳುಬದನೆಯ ಮೂರು ಕುಂಡ. ಒಂದಕ್ಕೆ ಸಿಹಿನೀರು, ಇನ್ನೊಂದಕ್ಕೆ ಬೆರಕೆ ನೀರು, ಮೂರನೆಯದಕ್ಕೆ ತೋಟದ ಬಾವಿಯಿಂದ ಕ್ಯಾನಿನಲ್ಲಿ ತಂದ ಶುದ್ಧ ಉಪ್ಪುನೀರು. ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುನ್ನ ತಮ್ಮ ಕೈಯಾರೆ ಅಳೆದು ಹಾಕುವರು. ಸಂಜೆ ಬಂದರೆ ಮೊದಲು ಎಲೆಗಳ ಯೋಗಕ್ಷೇಮ, ಆಮೇಲೆ ಹೆಂಡತಿಯದು. ನಾವೆಲ್ಲ ವೈನಿ, ಅಂದರೆ ಅತ್ತಿಗೆ, ಎಂದು ಕರೆಯುವ ಆ ಹೆಂಡತಿ ಇದನ್ನು ಎಲ್ಲರೆದುರು ಆಡಿ ತೋರಿಸಿದರೂ ಅವರಿಗೆ ನಾಟುತ್ತಿರಲಿಲ್ಲ.

ಉಪ್ಪುನೀರಿನ ಗಿಡ ಸೊರಗಬೇಕಿತ್ತು. ಅದು ಹೂಬಿಟ್ಟು, ಕಾಯಿ ಕಚ್ಚಿ, ಮೈತುಂಬಿ ನಿಂತಿತು. ಆ ವರ್ಷ ಡಾಕ್ಟರರ ಕರಾರು ಮುಗಿಯುವುದರಲ್ಲಿತ್ತು. ಹೊಸ ವಿಷಯವೇನಾದರೂ ತೋರಿಸಿದರೆ ಮುಂದುವರಿಕೆ, ಇಲ್ಲದಿದ್ದರೆ ವೀಸಾ ರದ್ದಾಗಿ ಊರಿನ ದಾರಿ. ಹೀಗಿರುವಾಗ ಊರಿನ ಬದನೆಯೇ ಉಪ್ಪು ತಡೆಯುತ್ತದೆಂದರೆ ಕೇಳಬೇಕೆ? ಇದನ್ನು ತೋಟದವರ ಮುಂದಿಡುವ ಸಭೆಯ ಹಿಂದಿನ ದಿನ ನನ್ನನ್ನು ಊಟಕ್ಕೆ ಕರೆದರು. ರೊಟ್ಟಿ, ಬದನೆಯ ಎಣಗಾಯಿ. ಮರುದಿನ ತೋರಿಸಲಿರುವ ಫೋಟೋಗಳನ್ನು ಮುರಿದ ರೊಟ್ಟಿ ಕೈಯಲ್ಲಿ ಹಿಡಿದೇ ತೋರಿಸಿದರು. ಮದುವೆಯ ಆಲ್ಬಮ್ಮನ್ನೂ ಅವರು ಅಷ್ಟು ಪ್ರೀತಿಯಿಂದ ತೋರಿಸಿದವರಲ್ಲ.

ಬಡಿಸುತ್ತಿದ್ದ ವೈನಿಯ ಕೈ ನಿಂತಿತು.

"ಏನ್ರಿ, ಆ ಗಿಡಾ ತೋರಸಬ್ಯಾಡ್ರಿ."

"ಯಾಕ?"

"ದಿನಾ ಮಧ್ಯಾಹ್ನ ನಾ ಅದಕ್ಕ ಒಂದ ತಂಬಿಗಿ ಅಕ್ಕಿ ತೊಳದ ನೀರ ಹಾಕೀನ್ರಿ. ಬರೇ ಉಪ್ಪನೀರ ಕುಡಿಸಿ ನನ್ನ ಎದುರಿಗೆ ನಿಲ್ಲಿಸಿ ಹೋದ್ರ, ನಾ ಹೆಂಗ ಉಣ್ಲಿ?"

ಡಾಕ್ಟರು ಕೈಯಲ್ಲಿದ್ದ ರೊಟ್ಟಿಯನ್ನು ತಟ್ಟೆಗಿಟ್ಟರು. ಜುಮೇರಾ ಲೇಕ್ ಟವರ್ಸ್‌ನ ನನ್ನ ಆಫೀಸಿನಲ್ಲಿ ಕೂತು ಎಲ್ಲರಿಗೂ ಪುಕ್ಕಟೆ ಸಲಹೆ ಕೊಡುವುದು ನನ್ನ ಚಾಳಿ. ಇಲ್ಲೂ ಅದನ್ನು ಬಿಡಲಿಲ್ಲ. "ಯಾರಿಗ ಗೊತ್ತಾಗತೈತ್ರಿ? ಖಲಾಸ್, ಬಿಡ್ರಿ," ಎಂದೆ.

"ನನ್ನ ಮಾತ ನಂಬಿ ಯಾರರೆ ಬರೇ ಉಪ್ಪನೀರ ಹಾಕಿದ್ರ, ಅವರ ಗಿಡಾ ಸಾಯತಾವಪಾ," ಎಂದರು, ಸಿಟ್ಟಿಲ್ಲದೆ. ಅಡುಗೆಮನೆಗೆ ಹೋದ ವೈನಿ ಮತ್ತೆ ಹೊರಗೆ ಬರಲಿಲ್ಲ. ಎಣಗಾಯಿ ಅಷ್ಟು ಸಪ್ಪಗೆ ಹತ್ತಿದ್ದು ನನಗೆ ಅವತ್ತೊಂದೇ ದಿನ.

ಮರುದಿನ ಸಭೆಯಲ್ಲಿ ಅವರು ನಡೆದದ್ದನ್ನು ನಡೆದ ಹಾಗೆಯೇ ಹೇಳಿದರಂತೆ. ಎಲ್ಲರೂ ನಕ್ಕರಂತೆ. ನಗು ಮುಗಿದ ಮೇಲೆ ಇವರು, ಉಪ್ಪುನೀರಿನ ಗಿಡ ಉಳಿಯಲು ಎಷ್ಟು ಕಡಿಮೆ ಸಿಹಿನೀರು ಸಾಕು ಎಂದು ತೋಟದಲ್ಲಿ ನೋಡೋಣವೇ ಎಂದು ಕೇಳಿದರಂತೆ. ತೋಟದವರು ಕೊನೆಯದೆಂದು ಹೇಳಿಯೇ ಇನ್ನೊಂದು ವರ್ಷ ಕೊಟ್ಟರು. ಆ ವರ್ಷವಿಡೀ ವೈನಿ ಬಾಲ್ಕನಿಯ ಕಡೆ ತಲೆಹಾಕಲಿಲ್ಲ.

ಪ್ರಯೋಗದ ಕಾಯಿಗಳ ತೂಕ ಮುಗಿದ ದಿನ ಡಾಕ್ಟರು ವೈನಿಯನ್ನೂ ನನ್ನನ್ನೂ ತೋಟಕ್ಕೆ ಕರೆದೊಯ್ದರು. ಆಗೊಮ್ಮೆ ಈಗೊಮ್ಮೆ ಸಿಹಿನೀರು ಕಂಡ ಸಾಲುಗಳು ಹಸಿರಾಗಿದ್ದವು. ಹೋಲಿಕೆಗೆಂದು ಬರೀ ಉಪ್ಪುನೀರು ಕೊಟ್ಟ ಸಾಲು ಅಂಚು ಸುಟ್ಟು ಕುಗ್ಗಿತ್ತು. ವೈನಿ ಅದರೆದುರೇ ನಿಂತರು.

"ಇವಕ್ಕ ಒಂದಿನಾನೂ ಹಾಕಿಲ್ರಿ?"

"ಇಲ್ಲ. ಹಾಕಿದ್ರ ಲೆಕ್ಕ ತಪ್ಪತಿತ್ತು."

ಡಾಕ್ಟರು ಕಾರಿನಿಂದ ಕುಡಿಯುವ ನೀರಿನ ಬಾಟಲಿ ತಂದು ವೈನಿಯ ಕೈಗಿಟ್ಟರು. "ಲೆಕ್ಕ ಮುಗೀತು. ಹಾಕು."

ನಾಳೆ ಕೀಳುವ ಗಿಡಗಳಲ್ಲವೇ ಎನ್ನಲು ಹೊರಟವನು ಬಾಯಿ ಮುಚ್ಚಿಕೊಂಡೆ. ವೈನಿ ಒಂದೊಂದೇ ಬುಡಕ್ಕೆ ಬಾಗಿ, ಕೊನೆಯ ಗಿಡಕ್ಕೂ ಉಳಿಯುವ ಹಾಗೆ ಎರೆಯುತ್ತಾ ಹೋದರು. ಆದರೂ ನೀರು ಸಾಲಲಿಲ್ಲ. ಡಾಕ್ಟರು ಮತ್ತೊಂದು ಬಾಟಲಿ ತರಲು ಕಾರಿನ ಕಡೆ ಹೋದರು.

ಕರಾರು ಮುಗಿದು ಅವರಿಬ್ಬರೂ ಊರಿಗೆ ಮರಳಿದ ಮೇಲೆ ದುಬೈ ನನಗೆ ಬಣಬಣ ಅನ್ನಿಸುತ್ತದೆ. ಇವತ್ತು ಅಂಗಡಿಯಿಂದ ಹೊರಬಂದವನೇ ಧಾರವಾಡಕ್ಕೆ ಫೋನ್ ಮಾಡಿದೆ. ವೈನಿಯೇ ಎತ್ತಿದರು.

"ಡಾಕ್ಟ್ರು ಎಲ್ಲ್ಯದಾರ್ರಿ?"

"ಹಿತ್ತಲದಾಗ ಬದನಿ ಸಸಿ ಹಚ್ಚಾಕತ್ತಾರಪಾ."

"ಮತ್ತ ನೀರ ಅಳದು ಹಾಕತಾರೇನ್ರಿ?"

"ಅವರು ಹಚ್ಚೂದಷ್ಟಽ," ಎಂದರು ವೈನಿ. "ನೀರ ಹಾಕೂದು ನನಗ ಬಿಟ್ಟಾರ."