ಕಾಲು ಉಳುಕಿದ ನೆಪ

ಆಟದ ಪಿರಿಯಡ್ ಶುರುವಾಗುವ ಮೊದಲು ಸೀಟಿ ಮೇಷ್ಟ್ರು ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಕೇಳುವುದು ಒಂದೇ ಪ್ರಶ್ನೆ: "ಯಾರಿಗೆ ಎಲ್ಲಿ ನೋವು?" ಮಂಡಿ ಅಂದವರು, ಹಿಮ್ಮಡಿ ಅಂದವರು ಗೋಡೆ ಪಕ್ಕದ ಸಿಮೆಂಟ್ ಬೆಂಚಿಗೆ ಹೋಗಿ ಕೂರುತ್ತಾರೆ. ಯಾರೂ ಕೆದಕುವ ಹಾಗಿಲ್ಲ. ನೋವಿದೆ ಅಂದರೆ ಇದೆ. ಅದು ಅವರ ಮೈದಾನದ ಕಾನೂನು.

ಮೈದಾನದ ಆಚೆ ತುದಿಯಲ್ಲಿ, ಮುರಿದ ಡೆಸ್ಕುಗಳನ್ನು ತುಂಬಿಡುತ್ತಿದ್ದ ಕೋಣೆಗೆ ಸುಣ್ಣ ಬಳಿದು, ಶಾಲೆಯವರು ಆಪ್ತ ಸಮಾಲೋಚಕಿಯೊಬ್ಬರನ್ನು ಕೂರಿಸಿದ್ದರು. ಎರಡು ಕುರ್ಚಿ, ಒಂದು ಫ್ಯಾನು, ಕಿಟಕಿಗೆ ನೀಲಿ ಪರದೆ. ಮಕ್ಕಳು ಅದಕ್ಕಿಟ್ಟ ಹೆಸರು 'ಹುಚ್ಚಾಸ್ಪತ್ರೆ ಬ್ರಾಂಚು'. ಅಲ್ಲಿಗೆ ಹೋಗಲು ಮೈದಾನ ದಾಟಬೇಕು. ದಾಟುವವರು ಎಲ್ಲ ತರಗತಿಗಳ ಕಿಟಕಿಗೂ ಕಾಣುತ್ತಾರೆ.

ರಿಲೇ ತಂಡದಲ್ಲಿ ಕೊನೆಯ ಸುತ್ತು ಓಡುವ ಹುಡುಗಿಯನ್ನು ಎಲ್ಲರೂ ರಾಕೆಟ್ ಎನ್ನುತ್ತಿದ್ದರು. ಆ ವರ್ಷ ಅವಳಿಗೆ ನಿದ್ದೆ ದೂರವಾಗಿತ್ತು. ತರಗತಿಯಲ್ಲಿ ಹೆಸರು ಕರೆದರೆ ಸಾಕು, ಎದೆ ಡವಡವ ಹೊಡೆದುಕೊಂಡು ಉಸಿರು ಸಿಕ್ಕಿಕೊಳ್ಳುತ್ತಿತ್ತು. ಒಂದು ದಿನ ಆಟದ ಸಾಮಾನು ಒಳಗಿಡುವಾಗ ಮೇಷ್ಟ್ರ ಮುಂದೆ ಬಾಯಿಬಿಟ್ಟಳು. "ಆ ಮಿಸ್ ಹತ್ರ ಹೋಗ್ಬೇಕು ಅನ್ಸುತ್ತೆ ಸರ್. ಆದ್ರೆ ಯಾರಾದ್ರೂ ನೋಡಿದ್ರೆ ನನ್ನ ಕಥೆ ಮುಗೀತು."

"ಕಾಲು ಉಳುಕಿದೆ ಅನ್ನು. ಬೆಂಚಲ್ಲಿ ಕೂತಿದ್ದು, ಎಲ್ಲರೂ ಆಟಕ್ಕಿಳಿದ ಮೇಲೆ ಗೋಡೆ ಬದಿಯಿಂದ ಜಾರ್ಕೋ. ಉಳಿದದ್ದು ನನಗೆ ಬಿಡು," ಎಂದ ಮೇಷ್ಟ್ರು ತಾವೇ ಅವಳ ಕಾಲಿಗೆ ಪಟ್ಟಿ ಸುತ್ತಿದರು.

ಆ ಉಪಾಯ ಅವರಿಗೆ ಹೊಸದಲ್ಲ. ಹಿಂದೊಮ್ಮೆ ಅವರು ತಿಂಗಳುಗಟ್ಟಲೆ ಹಾಸಿಗೆ ಬಿಟ್ಟು ಏಳಲಾರದೆ ಮಲಗಿದ್ದರು. ಮನೋವೈದ್ಯರು ಖಿನ್ನತೆ ಎಂದರು. ಹೆಂಡತಿ ಶಾಲೆಗೆ ಕಾಮಾಲೆ ಎಂದು ತಿಳಿಸಿದರು. ಅಂದಿನಿಂದ ಸ್ಟಾಫ್ ರೂಮಿನಲ್ಲಿ ಕರಿದ ತಿಂಡಿಯ ತಟ್ಟೆ ಅವರನ್ನು ದಾಟಿ ಮುಂದೆ ಹೋಗುತ್ತದೆ. "ಲಿವರ್ ಜೋಪಾನ ಮೇಷ್ಟ್ರೇ!" ಅವರು ತಲೆಯಾಡಿಸಿ ಬಿಸ್ಕತ್ತು ತಿನ್ನುತ್ತಾರೆ. ಮಾತ್ರೆ ಇನ್ನೂ ನಿಂತಿಲ್ಲ.

ಒಂದು ಸಂಜೆ ಶಾಲೆಯ ಬಸ್ಸು ಹೊರಟೇಬಿಟ್ಟಿತ್ತು. ರಾಕೆಟ್ ಮೈಮರೆತು ಓಡಿ ಹತ್ತಿದಳು, ಪಟ್ಟಿ ಸುತ್ತಿದ ಕಾಲಲ್ಲೇ. ಒಳಗೆ ರಿಲೇ ತಂಡವೇ ಕೂತಿತ್ತು.

"ಏನಮ್ಮಾ, ಉಳುಕಿದ ಕಾಲಿಗೆ ರೆಕ್ಕೆ ಬಂತಾ?" ಎಂದಳು ಅವಳಿಗೆ ಬೇಟನ್ ಕೊಡುವ ಗೆಳತಿ.

ಮುಂದಿನ ಆಟದ ಪಿರಿಯಡ್‌ನಲ್ಲಿ ಅದೇ ಗೆಳತಿ ಹಿಂಬಾಲಿಸಿ ಹೋಗಿ ನೀಲಿ ಪರದೆಯವರೆಗೂ ಪತ್ತೆ ಮಾಡಿದಳು. "ಕಳ್ಳಿ ಅಂದ್ಕೊಂಡಿದ್ವಿ. ಹುಚ್ಚೀನೂ ಹೌದಾ?" ರಾಕೆಟ್ ಶಾಲೆಗೆ ಬರುವುದನ್ನೇ ಬಿಟ್ಟಳು.

ಮೇಷ್ಟ್ರು ಅವಳ ಮನೆಗೆ ಹೋದಾಗ ತಾಯಿ ಹೊಲಿಗೆ ಮಷೀನಿನಿಂದ ತಲೆಯೆತ್ತಲಿಲ್ಲ. "ಟಿ.ಸಿ. ಕೊಡಿಸ್ಬಿಡಿ ಸರ್. ಬೇರೆ ಕಡೆ ಸೇರಿಸ್ತೀನಿ. ನಾಳೆ ಇವಳನ್ನ ಯಾರು ಏನಂತಾರೋ."

ಹುಡುಗಿ ಒಳಬಾಗಿಲಲ್ಲಿ ನಿಂತಿದ್ದಳು. "ಅವರು ಅಂದಿದ್ದು ಬಿಡಿ ಸರ್. ಇದು ಮುಚ್ಚಿಡೋ ವಿಷಯ ಅಂತ ನೀವೂ ಅಂದ್ಕೊಂಡ್ರಲ್ವಾ?"

ಮೇಷ್ಟ್ರು ಟಿ.ಸಿ.ಗೆ ಸ್ವಲ್ಪ ದಿನ ತಡೆಯಿರಿ ಎಂದಷ್ಟೇ ಹೇಳಿ ಎದ್ದರು.

ಮನೆಯಲ್ಲಿ, ಮಕ್ಕಳ ಮುಂದೆ ನಿಜ ಹೇಳಿಬಿಡುತ್ತೇನೆ ಎಂದಾಗ ಹೆಂಡತಿ ಕೇಳಿದರು: "ಈಗ್ಯಾಕ್ರೀ? ಸುಮ್ನೆ ಕೆರ್ಕೊಂಡು ಹುಣ್ಣು ಮಾಡ್ಕೋತೀರಾ?"

"ಹುಣ್ಣು ಮೊದಲೇ ಇತ್ತಲ್ಲೇ."

ಆಕೆ ಮಡಚುತ್ತಿದ್ದ ಬಟ್ಟೆಯನ್ನು ಪಕ್ಕಕ್ಕಿಟ್ಟರು. "ಹಾಗಿದ್ರೆ ಕಾಮಾಲೆ ಅಂದಿದ್ದು ನಾನು ಅಂತಾನೂ ಹೇಳಿ. ಒಬ್ಬರೇ ತಲೆ ಮೇಲೆ ಹಾಕ್ಕೋಬೇಡಿ."

ಮರುದಿನ ಸಾಲು ನಿಂತಿತು. ಪ್ರಶ್ನೆ ಕೇಳಿ, ಮೇಷ್ಟ್ರು ತಾವೇ ಬೆಂಚಿಗೆ ಹೋಗಿ ಕೂತರು. "ಇವತ್ತು ಮೊದಲು ನಂದು. ನಂಗೆ ಕಾಮಾಲೆ ಬಂದೇ ಇರ್ಲಿಲ್ಲ. ಮನಸ್ಸಿಗೆ ಕಾಯಿಲೆ ಬಂದಿತ್ತು, ಈಗ್ಲೂ ಮಾತ್ರೆ ತಗೋತೀನಿ. ಉಳುಕಿದ ಕಾಲೂ ನನ್ನ ಸುಳ್ಳೇ. ಅವಳದಲ್ಲ."

ಹಿಂದಿನಿಂದ ಒಬ್ಬ ಮೆಲ್ಲಗೆ ಕೇಳಿದ, "ಹಾಗಾದ್ರೆ ಲಿವರ್, ಸರ್?"

"ಕಲ್ಲು ಕೊಟ್ರೂ ಅರಗಿಸುತ್ತೆ ಕಣೋ."

ನಗು ಎದ್ದಿತು, ಬೇಗನೆ ಇಳಿಯಿತು. ಬೇಟನ್ ಕೊಡುವ ಗೆಳತಿ ನಗಲಿಲ್ಲ.

ಸುದ್ದಿ ಮನೆಮನೆ ಮುಟ್ಟಿತು. ಇಂಥವರ ಕೈಗೆ ಮಕ್ಕಳನ್ನು ಒಪ್ಪಿಸುವುದು ಹೇಗೆ ಎಂದು ಕೆಲವು ಪೋಷಕರು ಮುಖ್ಯೋಪಾಧ್ಯಾಯರಿಗೆ ಫೋನ್ ಮಾಡಿದರು. ಸ್ಟಾಫ್ ರೂಮಿನಲ್ಲಿ ಪಕ್ಕದ ಕುರ್ಚಿಯವರು ತುಸು ಸರಿದು ಕೂತರು. ತಟ್ಟೆ ಈಗಲೂ ಅವರನ್ನು ದಾಟಿಯೇ ಹೋಗುತ್ತದೆ. ಲಿವರ್ ಮಾತನ್ನು ಮಾತ್ರ ಯಾರೂ ಎತ್ತುವುದಿಲ್ಲ.

ಮುಂದಿನ ವಾರ ರಾಕೆಟ್ ಬಂದು ಸಾಲಿನ ತುದಿಯಲ್ಲಿ ನಿಂತಳು. ಕಾಲಿಗೆ ಪಟ್ಟಿ ಇರಲಿಲ್ಲ.

"ಯಾರಿಗೆ ಎಲ್ಲಿ ನೋವು?"

"ಕಾಲು ಚೆನ್ನಾಗಿದೆ ಸರ್. ಆ ರೂಮಿಗೆ ಹೋಗ್ಬೇಕು."

"ಹೋಗಿ ಬಾ."

ಅವಳು ಗೋಡೆ ಬದಿ ಹಿಡಿಯದೆ ಮೈದಾನದ ನಡುವೆ ನಡೆದಳು. ಮೇಲಿನ ಕಿಟಕಿಯಿಂದ ಯಾರೋ ಕೂಗಿದರು, "ಬ್ರಾಂಚಿಗೆ ಹೊರಟ್ಲು!" ಅವಳ ಹೆಜ್ಜೆ ತಡೆಯಿತು.

ಆಗ ಆ ಗೆಳತಿ ಸಾಲು ಬಿಟ್ಟು ಓಡಿ ಅವಳ ಪಕ್ಕಕ್ಕೆ ಸೇರಿಕೊಂಡಳು. ಕ್ಷಮೆ ಗಿಮೆ ಏನೂ ಕೇಳಲಿಲ್ಲ. "ಬೇಗ ಮುಗಿಸ್ಕೊಂಡು ಬಾರೇ. ಬೇಟನ್ ಹಿಡ್ಕೊಂಡು ಕಾಯ್ತಿರ್ತೀನಿ."

ಇಬ್ಬರೂ ಆ ಬಾಗಿಲು ಮುಟ್ಟುವವರೆಗೆ ಮೇಷ್ಟ್ರು ಸೀಟಿ ಊದಲಿಲ್ಲ.